ಬೆಂಕಿ ಕವಾಯತಿನ ಹೆಣಗಳು

ನೂಲಿನ ಮಿಲ್ಲಿನಲ್ಲಿ ಏನು ಕೆಲಸ ಮಾಡುತ್ತಿದ್ದೆ ಅಜ್ಜಿ ಎಂದು ನೀವು ಕೇಳಿದಾಗಲೆಲ್ಲ, ಲಡಿ ಸುತ್ತುತ್ತಿದ್ದೆ ಎಂದಷ್ಟೇ ಹೇಳಿದ್ದೇನೆ. ಅದು ಸುಳ್ಳಲ್ಲ. ನೂಲನ್ನು ರಾಟೆಗೆ ಏರಿಸಿ ಲಡಿ ಮಾಡುವುದು, ತುಂಡಾದ ಎಳೆಗೆ ಗಂಟು ಹಾಕುವುದು, ದಿನವೆಲ್ಲ ಅದೇ. ಆದರೆ ಎರಡು ಮೂರು ತಿಂಗಳಿಗೊಮ್ಮೆ ಇನ್ನೊಂದು ಕೆಲಸವೂ ಇರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಯಾವತ್ತೂ ಆಗಲಿಲ್ಲ. ನಾಲ್ಕು ಜನರೆದುರು ಮಾತಾಡುವುದೆಂದರೆ ಈಗಲೂ ನನ್ನ ನಾಲಿಗೆ ಒಣಗುತ್ತದೆ. ಬರೆಯುವುದು ವಾಸಿ. ನಮ್ಮೂರಿನ ಗುಡಿಯ ಜಗಲಿಯ ಮೇಲೆ ಕೂರಿಸಿ ನಾಲ್ಕನೇ ಕ್ಲಾಸಿನವರೆಗೆ ಕಲಿಸಿದ ಮೇಷ್ಟ್ರು ಅಕ್ಷರವನ್ನಾದರೂ ಗಟ್ಟಿಯಾಗಿ ಕಲಿಸಿದ್ದರು. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ಅದೇ ಮಿಲ್ಲಿನಲ್ಲಿ ಹತ್ತಿಯ ಬೇಲುಗಳನ್ನು ಗಾಡಿಯಿಂದ ಇಳಿಸುವ ಕೆಲಸದಲ್ಲಿದ್ದರು. ವಿಷಮಜ್ವರ ಬಂದು ಹೋಗಿಬಿಟ್ಟರು. ಆಗ ನಿಮ್ಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಗಂಡನ ಊರಿನಲ್ಲಿ ಜಮೀನು ಭಾವಂದಿರದಾಯಿತು, ನನ್ನ ಊಟವೂ ಅವರ ಲೆಕ್ಕಕ್ಕೆ ಬಂತು. ನಮ್ಮ ಜನರಲ್ಲಿ ತಲೆ ಬೋಳಿಸುವ ಪದ್ಧತಿ ಇಲ್ಲ. ಆದರೆ ಹೊಸಿಲಿನ ಮೇಲೆ ನಿಂತರೆ ಬೈಯುವುದು, ಬಿತ್ತನೆಗೆ ಹೊರಡುವವರ ಮುಂದೆ ಸುಳಿದರೆ ಉಗಿಯುವುದು ಎಲ್ಲ ಇದೆ. ಮಿಲ್ಲಿನವರು ಸತ್ತವನ ಹೆಂಡತಿಗೆ ಒಂದು ಕೆಲಸ ಕೊಡುತ್ತೇವೆ ಎಂದಾಗ, ನಾನು ನನ್ನ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಮೈಸೂರಿಗೆ ಬಂದು ನಜರ್‌ಬಾದಿನ ಒಂದು ವಠಾರದಲ್ಲಿ ಕೋಣೆ ಹಿಡಿದೆ.

ಪಕ್ಕದ ಕೋಣೆಯಲ್ಲಿ ಇದ್ದವರು ಅಕ್ಕ. ಹುಟ್ಟಿನಿಂದ ನನಗೆ ಏನೂ ಆಗಬೇಕಾದವರಲ್ಲ, ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಎಂದೆ. ನನಗಿಂತ ಬಹಳ ದೊಡ್ಡವರು. ಒಣಗಿದ ಹುರುಳಿ ಗಿಡದ ಹಾಗೆ ಇದ್ದರು, ಬಾಯಿ ಮಾತ್ರ ಒಣಗಿರಲಿಲ್ಲ. ಮದುವೆಯಾದ ವರ್ಷವೇ ಗಂಡ ಸತ್ತಿದ್ದ, ಅವನ ಮುಖವೂ ಅವರಿಗೆ ನೆನಪಿರಲಿಲ್ಲ. ಅವರೂ ನನ್ನ ಹಾಗೆ ಲಡಿ ಸುತ್ತುವವರು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಾವು ಎದುರಾದರೆ ಸಾಹುಕಾರರು ಮುಖ ತಿರುಗಿಸುತ್ತಾರೆಂದು ಅಕ್ಕ ನನ್ನನ್ನು ಹಿಂದಿನ ಓಣಿಯಿಂದ ಕರೆದುಕೊಂಡು ಹೋಗುತ್ತಿದ್ದರು. ಅದು ಸುತ್ತು ದಾರಿ. ಅವರ ಮುಖ ನಾವು ನೋಡುವುದು ತಪ್ಪುತ್ತದಲ್ಲ ಎಂದು ನಗುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆಗಳಿಗೆ ಹೊಸ ಕಾನೂನು ಬಂತು. ಬೆಂಕಿ ಬಿದ್ದರೆ ಕೆಲಸದವರು ಹೇಗೆ ಹೊರಗೆ ಹೋಗಬೇಕು ಎನ್ನುವುದನ್ನು ಮಾಲೀಕರು ಕಲಿಸಬೇಕು, ಕಲಿಸಿದ್ದನ್ನು ಬರೆದಿಡಬೇಕು, ಇನ್‌ಸ್ಪೆಕ್ಟರು ಬಂದಾಗ ತೋರಿಸಬೇಕು ಎಂದಾಯಿತು. ಅದಕ್ಕೆಂದೇ ಮಿಲ್ಲಿಗೆ ಒಬ್ಬರು ಬಂದರು. ಪಟಾಲಮಿನಲ್ಲಿದ್ದು ಬರ್ಮಾ ಯುದ್ಧ ನೋಡಿ ಬಂದವರು. ಎಲ್ಲರೂ ಅವರನ್ನು ಸುಬೇದಾರರು ಎನ್ನುತ್ತಿದ್ದರು. ಎತ್ತರದ ಆಳು, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಕೆಟ್ಟವರು ಎಂದು ಹೇಳಲಾರೆ. ಬೆಂಕಿಯ ವಿಷಯ ಬಂದರೆ ಅವರ ಮುಖ ಬಿಗಿದುಕೊಳ್ಳುತ್ತಿತ್ತು, ಎಲ್ಲೋ ಏನೋ ನೋಡಿದವರ ಹಾಗೆ.

ಅವರು ಗೋಡೆಯ ಮೇಲೆ ಸೀಮೆಸುಣ್ಣದಿಂದ ನಮ್ಮ ವಿಭಾಗದ ನಕ್ಷೆ ಬರೆದು ವಿವರಿಸಿದರು. ನಾವು ದಿನಾ ಬರುವ ಮುಂಬಾಗಿಲು ಹತ್ತಿ ಬಿಡಿಸುವ ಕೋಣೆಗೆ ಅಂಟಿಕೊಂಡಿದೆ. ಬೆಂಕಿ ಬಿದ್ದರೆ ಬೀಳುವುದು ಅಲ್ಲೇ. ಆದ್ದರಿಂದ ಯಾರೂ ಆ ಕಡೆ ಹೋಗಕೂಡದು. ಹಿಂಬಾಗಿಲಿನಿಂದ ಹೊರಟು, ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಇಟ್ಟಿರುವ ಉಗ್ರಾಣವನ್ನು ದಾಟಿ, ಬಾಯ್ಲರಿನ ಪಕ್ಕದ ಓಣಿಯಲ್ಲಿ ತಿರುಗಿ, ಚರಂಡಿ ದಾಟಿ ಅಂಗಳದ ಹುಣಸೆಮರದ ಕೆಳಗೆ ಸೇರಬೇಕು. ಹಿಂಬಾಗಿಲಿಗೆ ಯಾವಾಗಲೂ ಬೀಗ. ನಾವು ನೂಲು ಕದ್ದು ಸಾಗಿಸುತ್ತೇವೆಂದು ಆ ಬೀಗ. ಬೀಗದ ಕೈ ನಮ್ಮ ಮೇಲ್ವಿಚಾರಣೆಯ ಮೇಸ್ತ್ರಿಯಮ್ಮನ ಸೊಂಟದಲ್ಲಿ. ಗಂಟೆ ಬಾರಿಸಿದ ಕೂಡಲೇ ಆಕೆ ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲಬೇಕು, ಬಾಗಿಲಿಗೆ ಹತ್ತಿರವಿರುವ ರಾಟೆಯವರು ಮೊದಲು, ಆಮೇಲೆ ಅವರ ಹಿಂದಿನವರು, ಹೀಗೆ ಸಾಲಾಗಿ ಹೊರಡಬೇಕು. ಓಡಕೂಡದು, ಮಾತಾಡಕೂಡದು.

ಹಿಂಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ನನ್ನ ರಾಟೆ.

ಮೊದಲನೇ ಕವಾಯತಿನ ದಿನ ಗಂಟೆ ಬಾರಿಸಿತು. ನಾನು ಹೇಳಿಕೊಟ್ಟ ಹಾಗೆ ಎದ್ದು ಬಾಗಿಲಿನ ತನಕ ಹೋದೆ. ಹಿಂದೆ ಹೆಜ್ಜೆಯ ಸದ್ದು ಇಲ್ಲ. ತಿರುಗಿ ನೋಡಿದರೆ ಹೆಂಗಸರೆಲ್ಲ ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದಾರೆ. ಸುಬೇದಾರರು ಸೀಟಿ ಊದಿದರು, ಯಾಕೆ ನಿಂತಿರಿ ಎಂದು ಗದರಿದರು. ಕೊನೆಗೆ ಮೇಸ್ತ್ರಿಯಮ್ಮ ಮುಂದೆ ಬಂದು ವಿವರಿಸಿದಳು. ಬೆಂಕಿಯಿಂದ ಜೀವ ಉಳಿಸಿಕೊಳ್ಳಲು ಹೊರಡುವಾಗ ಗಂಡ ಸತ್ತವಳನ್ನು ಮುಂದೆ ಬಿಟ್ಟುಕೊಂಡು ಹೊರಡುವುದು ಹೇಗೆ, ಅದಕ್ಕಿಂತ ಬೆಂಕಿಯೇ ವಾಸಿಯಲ್ಲವೇ ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ನನ್ನನ್ನು ಕೊನೆಗೆ ಕಳಿಸೋಣವೆಂದರೆ, ನನ್ನ ರಾಟೆ ದಾಟಿಯೇ ಎಲ್ಲರೂ ಹೋಗಬೇಕು, ಆಗ ಎದುರಿಗೆ ಸಿಕ್ಕ ಹಾಗಾಗುತ್ತದೆ. ರಾಟೆ ಬದಲಾಯಿಸೋಣವೆಂದರೆ ಬಾಗಿಲ ಗಾಳಿ ಹೊಡೆಯುವ ಆ ಜಾಗಕ್ಕೆ ಬರಲು ಯಾರೂ ಒಪ್ಪರು.

ಸುಬೇದಾರರಿಗೆ ಇನ್ನೊಂದು ಚಿಂತೆಯೂ ಇತ್ತು. ಬೆಂಕಿ ಬಿದ್ದಾಗ ಹೊಗೆ ಕುಡಿದು ಮೂರ್ಛೆ ಹೋಗುವವರು ಇರುತ್ತಾರೆ, ಅವರನ್ನು ಹೊತ್ತು ತರುವ ಅಭ್ಯಾಸವೂ ಆಗಬೇಕು, ಅದಕ್ಕೆ ಕೆಲವರು ಮೂರ್ಛೆ ಹೋದವರಂತೆ ಮಲಗಬೇಕು. ಯಾರು ಮಲಗುತ್ತೀರಿ ಎಂದು ಕೇಳಿದ್ದರು. ಮುತ್ತೈದೆಯರು, ಮಲಗಿದರೆ ಗಂಡನಿಗೆ ಕೇಡು ಎಂದರು. ಮದುವೆಯಾಗದ ಹುಡುಗಿಯರ ತಾಯಂದಿರು ಮಿಲ್ಲಿನ ಗೇಟಿಗೇ ಬಂದು ಕೂಗಾಡಿದರು. ಮೂರ್ಛೆ ಎಂದು ಅವರು ಎಷ್ಟು ಸಲ ಹೇಳಿದರೂ ನಮ್ಮವರ ಕಿವಿಗೆ ಅದು ಹೆಣ ಎಂದೇ ಬೀಳುತ್ತಿತ್ತು.

ಮೇಸ್ತ್ರಿಯಮ್ಮ ಎರಡನ್ನೂ ಒಟ್ಟಿಗೆ ಪರಿಹರಿಸಿದಳು.

"ಮೂರು ಜನ ಮುಂಡೇರವ್ರಲ್ಲಾ ಸಾರ್, ಅವರನ್ನ ಮಲಗಿಸಿ. ಸಾಲೂ ಸರಿಹೋಯ್ತದೆ, ಹೆಣಾನೂ ಸಿಕ್ತವೆ."

ಸುಬೇದಾರರಿಗೆ ಅದು ಒಳ್ಳೆಯ ಉಪಾಯವೆನ್ನಿಸಿತು. ಅಂದಿನಿಂದ ಅವರ ಯೋಜನೆಯಲ್ಲಿ ಸಾಲಿನವರು ಬೇರೆ, ಮಲಗುವವರು ಬೇರೆ ಆದರು. ಸಾಲಿನವರನ್ನು ಮೇಸ್ತ್ರಿಯಮ್ಮ ಮರದ ಕೆಳಗೆ ಎಣಿಸುತ್ತಿದ್ದಳು. ಮಲಗುವವರನ್ನು ಎಣಿಸುವ ಕೆಲಸ ಹೊತ್ತು ತರುವ ಗಂಡಸರದು. ಹತ್ತಿ ಬಿಡಿಸುವ ಕೋಣೆಯ ನಾಲ್ಕು ಜನ ಗಟ್ಟಿಗರನ್ನು ಅದಕ್ಕೆ ಗೊತ್ತು ಮಾಡಿದರು.

ಮೂರನೆಯವಳು ಇನ್ನೂ ಚಿಕ್ಕ ಹುಡುಗಿ. ಅವಳಿಗೆ ಸ್ವಲ್ಪ ದಿನದಲ್ಲೇ ಅವರ ಜನರಲ್ಲಿ ಕೂಡಿಕೆ ಆಯಿತು. ಸೋಮವಾರ ಹೊಸ ತಾಳಿ ಕಟ್ಟಿಕೊಂಡು ಬಂದಳು, ಅದೇ ವಾರದ ಕವಾಯತಿನಲ್ಲಿ ಸಾಲಿಗೆ ಸೇರಿದಳು. ನೆಲದ ಮೇಲೆ ಮಲಗಿದ್ದ ನಮ್ಮಿಬ್ಬರನ್ನು ದಾಟುವಾಗ ಸೀರೆಯ ನೆರಿಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಹೋದಳು.

ಕವಾಯತು ಹೀಗೆ ನಡೆಯುತ್ತಿತ್ತು. ಹಿಂದಿನ ದಿನವೇ ಹೇಳಿರುತ್ತಿದ್ದರು. ಸುಬೇದಾರರು ಕಬ್ಬಿಣದ ಪೀಪಾಯಿಯಲ್ಲಿ ಹಸಿ ಹುಲ್ಲು, ಬೇವಿನ ಸೊಪ್ಪು ಹಾಕಿ ಸುಟ್ಟು ವಿಭಾಗದ ಒಳಗೆ ಹೊಗೆ ಬಿಡಿಸುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ನಾನೂ ಅಕ್ಕನೂ ರಾಟೆಗಳ ನಡುವೆ ನೆಲದ ಮೇಲೆ ಮಲಗಬೇಕು. ಸಾಲು ಹೋದ ಮೇಲೆ ಗಂಡಸರು ಬರುತ್ತಾರೆ. ಹೊಗೆ ಒಳಗೆ ಹೋಗಬಾರದೆಂದು ಮುಖದ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಾರೆ. ಎರಡು ಬಿದಿರು ಗಳಕ್ಕೆ ಗೋಣಿತಾಟು ಹೊಲಿದು ಮಾಡಿದ ಸ್ಟ್ರೆಚರಿನಲ್ಲಿ ಹಾಕಿಕೊಂಡು, ಕಾಲು ಮುಂದಾಗಿ ಹೊರುತ್ತಾರೆ. ಬಿದಿರು, ಗೋಣಿ, ಬಿಳಿ ಬಟ್ಟೆ. ಅದನ್ನು ನೋಡಿ ನಮ್ಮವರು ಸ್ಟ್ರೆಚರ್ ಎನ್ನುತ್ತಾರೆಯೇ? ಚಟ್ಟ ಎಂದೇ ಹೆಸರಾಯಿತು. "ಚಟ್ಟ ಬಂತು, ಮಲಕ್ಕಳ್ರವ್ವಾ" ಎಂದು ಮೇಸ್ತ್ರಿಯಮ್ಮ ಕೂಗುತ್ತಿದ್ದಳು.

ಒಂದು ಸಲ ಅಕ್ಕನನ್ನು ಹೊತ್ತು ಹುಣಸೆಮರದ ಕೆಳಗೆ ತರುವಾಗ ಯಾರೋ ಊಟದ ಗಂಟಿನಿಂದ ಪುರಿ ತೆಗೆದು ಚಟ್ಟದ ಮೇಲೆ ಎರಚಿದರು, ಹೆಣದ ಮೇಲೆ ಎರಚುವ ಹಾಗೆ. ಅಂಗಳವೆಲ್ಲ ನಗು. ನಾನು ಹಿಂದಿನ ಚಟ್ಟದಲ್ಲಿದ್ದೆ. ಆಗ ಅಕ್ಕನ ದನಿ ಕೇಳಿಸಿತು.

"ಬರೀ ಪುರಿ ಹಾಕೀರಲ್ಲೇ, ಒಂದೀಟು ಕಡ್ಲೆಬೀಜಾನೂ ಬೆರೆಸಬಾರದಾ?"

ನಗು ಇನ್ನೂ ಹೆಚ್ಚಾಯಿತು. ಅಕ್ಕನಿಗೆ ಆ ಕೆಲಸದಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು ಎಂದು ನನಗೆ ಅನ್ನಿಸುತ್ತದೆ. ಉಸಿರು ಕಾಣದ ಹಾಗೆ ಮಲಗುತ್ತಿದ್ದರು. ಇನ್‌ಸ್ಪೆಕ್ಟರು ಒಮ್ಮೆ ಬಂದಾಗ ಬಗ್ಗಿ ನೋಡಿ, ನಿಜವಾಗಿ ಏನಾದರೂ ಆಗಿದೆಯೇ ಎಂದು ಗಾಬರಿಯಾಗಿದ್ದರು. ದಾರಿಯಲ್ಲಿ ನಾನು ಅಳುತ್ತಿದ್ದರೆ ಅಕ್ಕ ಹೇಳುತ್ತಿದ್ದರು, ಚಿಕ್ಕಂದಿನಿಂದ ಸತ್ತವಳು ನಾನು, ನನಗೆ ಇದು ಅಭ್ಯಾಸ, ನೀನು ಹೊಸಬಳು, ಅದಕ್ಕೇ ಕಷ್ಟ.

ವಠಾರಕ್ಕೆ ಬಂದರೆ ಅಲ್ಲಿಗೂ ಸುದ್ದಿ ಬಂದಿರುತ್ತಿತ್ತು. ಚಟ್ಟದ ಮೇಲೆ ಮಲಗಿ ಬಂದವರು ಬಾವಿಕಟ್ಟೆಯಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡಕೂಡದೆಂದು ಮನೆಯೊಡತಿಯ ಕಟ್ಟಪ್ಪಣೆ. ಸಂಜೆಯ ಥಂಡಿಯಲ್ಲಿ ಉಟ್ಟ ಸೀರೆಯಲ್ಲೇ ತಣ್ಣೀರು ಸುರಿದುಕೊಳ್ಳುತ್ತಿದ್ದೆವು. ನಿಮ್ಮಪ್ಪ ನನ್ನನ್ನು ಕಂಡು ಹೊಸಿಲ ಆಚೆಯಿಂದ ಕೈ ಚಾಚಿ ಅಳುತ್ತಿದ್ದ. ಅವನನ್ನು ಹಿಡಿದು ನಿಲ್ಲಿಸುತ್ತಿದ್ದವಳು ನನ್ನ ಹೆತ್ತ ತಾಯಿಯೇ. ಮೊದಲು ಮೈ ತೊಳಕೊ ಎನ್ನುತ್ತಿದ್ದಳು, ನನ್ನ ಮುಖ ನೋಡದೆ.

ಅವಮಾನವನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನನ್ನನ್ನು ನಿದ್ದೆಗೆಡಿಸಿದ್ದು ಬೇರೆ. ಕವಾಯತು ಆಗಿ ಆಗಿ ಎಲ್ಲರಿಗೂ ಹಿಂಬಾಗಿಲಿನ ದಾರಿ ಕಾಲಿಗೆ ಬಂದಿತ್ತು. ನನಗೂ ಅಕ್ಕನಿಗೂ ಬಂದಿರಲಿಲ್ಲ. ಮಿಕ್ಕ ದಿನ ಆ ಬಾಗಿಲಿಗೆ ಬೀಗ, ಕವಾಯತಿನ ದಿನ ನಮ್ಮ ಮುಖಕ್ಕೆ ಬಟ್ಟೆ. ನಿಜವಾಗಿ ಬೆಂಕಿ ಬಿದ್ದರೆ ನಮ್ಮನ್ನು ಯಾರು ಹೊರುತ್ತಾರೆ? ಹೊರುವ ಗಂಡಸರು ಇರುವುದೇ ಬೆಂಕಿ ಬೀಳುವ ಕೋಣೆಯಲ್ಲಿ. ನಾನು ಸತ್ತರೆ ನನ್ನ ಮಗುವನ್ನು ಭಾವಂದಿರು ದನ ಕಾಯಲು ಕರೆದುಕೊಂಡು ಹೋಗುತ್ತಾರೆ. ಇಷ್ಟೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ನನಗೆ ಸಾಲು ಬೇಕಾಗಿತ್ತು. ಕೊನೆಯವಳಾಗಿಯಾದರೂ ಸರಿ, ಕಣ್ಣು ಬಿಟ್ಟುಕೊಂಡು ಆ ದಾರಿಯಲ್ಲಿ ನಡೆಯಬೇಕಾಗಿತ್ತು.

ಮೇಸ್ತ್ರಿಯಮ್ಮನನ್ನು ಕೇಳಿದರೆ ಆಗುವ ಮಾತಲ್ಲ. ಬಹಳ ದಿನ ಧೈರ್ಯ ಕೂಡಿಸಿಕೊಂಡು ಒಂದು ದಿನ ಊಟದ ಹೊತ್ತಿನಲ್ಲಿ ಸುಬೇದಾರರ ಕೋಣೆಯ ಮುಂದೆ ಹೋಗಿ ನಿಂತೆ. ಅವರು ಹಿಂದಿನ ದಿನದ ಕವಾಯತಿನ ವಿವರ ಬರೆಯುತ್ತಿದ್ದರು, ಗಂಟೆ ಬಾರಿಸಿದ್ದು ಎಷ್ಟಕ್ಕೆ, ಕೊನೆಯವಳು ಹೊರಗೆ ಬಂದದ್ದು ಎಷ್ಟಕ್ಕೆ, ಅದೆಲ್ಲ. ನಾನು ನೆಲ ನೋಡಿಕೊಂಡೇ, ನನಗೂ ಒಂದು ಸಲ ದಾರಿ ತೋರಿಸಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ, ಮತ್ತೆ ಹೇಳಿಸಿದರು. ಅರ್ಥವಾದ ಮೇಲೆ ನಕ್ಕರು, ಮಕ್ಕಳ ಮಾತಿಗೆ ನಗುವ ಹಾಗೆ.

"ನಿನಗೆ ದಾರಿ ಯಾಕಮ್ಮ? ನಿನ್ನನ್ನ ಹೊತ್ತುಕೊಂಡು ಬರ್ತಾರಲ್ಲ."

ನಾನು ಕೈ ಮುಗಿದು ಹಿಂದಿರುಗಿದೆ. ಆ ಮಾತು ಅದು ಹೇಗೋ ಮೇಸ್ತ್ರಿಯಮ್ಮನ ಕಿವಿಗೆ ಬಿತ್ತು. ಹೆಣಕ್ಕೆ ದಾರಿ ಬೇಕಂತೆ ಎಂದು ವಿಭಾಗದಲ್ಲೆಲ್ಲ ಹೇಳಿ ನಗಿಸಿದಳು. ನನ್ನ ರಾಟೆಯ ಪಕ್ಕದವಳು, ಸ್ಮಶಾನದ ದಾರಿ ನಾನು ತೋರುಸ್ತೀನಿ ಬಾರಮ್ಮ ಎಂದಳು. ಅವಳು ಒಳ್ಳೆಯವಳೇ. ನಿಮ್ಮಪ್ಪನಿಗೆ ದಡಾರವಾದಾಗ ಬೇವಿನ ಸೊಪ್ಪು ತಂದುಕೊಟ್ಟವಳು. ನಗುವವರ ನಡುವೆ ಇದ್ದಾಗ ನಕ್ಕಳು, ಅಷ್ಟೇ.

ಅದಾದ ಮುಂದಿನ ಕವಾಯತಿಗೆ ಇನ್‌ಸ್ಪೆಕ್ಟರು ಬಂದಿದ್ದರು. ಅವತ್ತು ಹೊಗೆ ಹೆಚ್ಚಾಗಿತ್ತು. ಮಲಗಿದ್ದ ನನಗೆ ಕೆಮ್ಮು ತಡೆಯಲಾಗಲಿಲ್ಲ, ಎದ್ದು ಕುಳಿತುಬಿಟ್ಟೆ. ಇನ್‌ಸ್ಪೆಕ್ಟರು ಅದನ್ನು ನೋಡಿ, ಇದು ಸರಿಯಾಗಲಿಲ್ಲ, ಮೊದಲಿನಿಂದ ಮಾಡಿಸಿ ಎಂದರು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಎಲ್ಲರನ್ನೂ ಒಳಗೆ ಕಳಿಸಿ ಮತ್ತೆ ಹೊರಗೆ ಬರಿಸಿದರು. ಊಟದ ಹೊತ್ತು ಹೋಯಿತು. ಆ ದಿನ ನಾನು ತಿಂದ ಬೈಗುಳವನ್ನು ಬರೆಯಲಾರೆ. ಮೇಸ್ತ್ರಿಯಮ್ಮ ನನ್ನನ್ನು ಬಿಡಲಿಲ್ಲ, ಅಕ್ಕನನ್ನೂ ಬಿಡಲಿಲ್ಲ. ಇಬ್ಬರನ್ನೂ ಕಸದ ಹತ್ತಿ ಆರಿಸುವ ಕೋಣೆಗೆ ಹಾಕಿದಳು. ಅಲ್ಲಿಯ ಧೂಳಿಗೆ ಅಕ್ಕನ ಎದೆ ಕಟ್ಟಿ, ರಾತ್ರಿಯೆಲ್ಲ ಅವರು ಗೊರಗುಟ್ಟುವುದು ಗೋಡೆಯ ಈಚೆಗೆ ಕೇಳುತ್ತಿತ್ತು. ಮತ್ತೆ ರಾಟೆಗೆ ಬಂದ ದಿನ ಅಕ್ಕ ನನ್ನ ಕೈ ಹಿಡಿದು, ಇನ್ನು ಮೇಲೆ ಏನಾದರೂ ಆಗಲಿ ಅಳ್ಳಾಡಬೇಡ ಎಂದರು. ಅವರು ನನ್ನೊಂದಿಗೆ ತಮಾಷೆಯಿಲ್ಲದೆ ಆಡಿದ ಮಾತು ಅದೊಂದೇ ಇರಬೇಕು.

ಬೆಂಕಿ ಬಿದ್ದದ್ದು ಬೇಸಿಗೆಯಲ್ಲಿ, ಊಟ ಮುಗಿದು ರಾಟೆಗಳು ಮತ್ತೆ ತಿರುಗಲು ಹತ್ತಿದ ಹೊತ್ತಿನಲ್ಲಿ. ಆ ವಾರ ಹೇಳದೆ ಕೇಳದೆ ಒಂದು ಕವಾಯತು ಮಾಡಿಸುತ್ತಾರಂತೆ, ಇನ್‌ಸ್ಪೆಕ್ಟರೇ ಬಂದು ಮರೆಯಲ್ಲಿ ನಿಂತು ನೋಡುತ್ತಾರಂತೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅದಕ್ಕೇ ಗಂಟೆ ಬಾರಿಸಿದಾಗ ಯಾರೂ ಬೆಂಕಿ ಎಂದುಕೊಳ್ಳಲಿಲ್ಲ. ಮೇಸ್ತ್ರಿಯಮ್ಮ ಬೀಗ ತೆಗೆದಳು, ಹೆಣ ಮಲಕ್ಕಳಿ, ಮಿಕ್ಕೋರು ಸಾಲು ಎಂದಳು. ಸಾಲು ಹೊರಟಿತು. ನೆಲಕ್ಕೆ ಕಿವಿಯಿಟ್ಟು ಮಲಗಿದ್ದ ನನಗೆ ಹೆಜ್ಜೆಗಳ ಸದ್ದು ಕೇಳುತ್ತಿತ್ತು, ಯಾವತ್ತೂ ಇಲ್ಲದಷ್ಟು ಅಚ್ಚುಕಟ್ಟು. ಹೆಜ್ಜೆಗಳು ನಿಂತವು. ಅಕ್ಕ ನನ್ನ ಪಕ್ಕದಲ್ಲೇ ಕಣ್ಣು ಮುಚ್ಚಿ, ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು.

ಹೊಗೆ ಬಂತು. ಬೇವಿನ ವಾಸನೆ ಇರಲಿಲ್ಲ. ಎಣ್ಣೆ ಹತ್ತಿದ ಬತ್ತಿ ಸುಟ್ಟ ವಾಸನೆ.

ಅಕ್ಕಾ, ಇದು ಬೇರೆ ಹೊಗೆ ಎಂದೆ. ಸುಮ್ನಿರು ಎಂದರು, ತುಟಿ ಅಲುಗದ ಹಾಗೆ. ಚಟ್ಟದವರು ಇನ್ನೂ ಬಂದಿಲ್ಲ ಎಂದೆ. ಬರ್ತಾರೆ ಎಂದರು. ನಾನು ಕುಳಿತುಕೊಂಡೆ. ನನ್ನ ಮೊಣಕಾಲಿನ ಮೇಲೆ ಅಕ್ಕ ಕೈಯಿಟ್ಟು ಒತ್ತಿ ಮತ್ತೆ ಮಲಗಿಸಲು ನೋಡಿದರು. ತಲೆಯ ಮೇಲಿನ ತೊಲೆಗಳಲ್ಲಿ ವರ್ಷಗಳಿಂದ ಅಂಟಿಕೊಂಡಿದ್ದ ಪುಡಿ ಹತ್ತಿಗೆ ಅಷ್ಟರಲ್ಲಿ ಕಿಡಿ ಹತ್ತಿತ್ತು. ಅದು ಉರಿಯುತ್ತಾ ಓಡುವುದನ್ನು ನಾನು ನೋಡಿದೆ. ಒಂದು ಕಿಡಿ ಅಕ್ಕನ ಸೀರೆಯ ಮೇಲೆ ಬಿತ್ತು, ನಾನು ಕೈಯಿಂದ ಹೊಸಕಿದೆ. ಆಗ ಅಕ್ಕ ಕಣ್ಣು ಬಿಟ್ಟರು.

ಇಬ್ಬರೂ ಎದ್ದೆವು. ಹೊಗೆ ಸೊಂಟದ ತನಕ ಇಳಿದಿತ್ತು, ಬಾಗಿಲು ಕಾಣುತ್ತಿರಲಿಲ್ಲ. ನನ್ನ ಸೆರಗನ್ನು ಅಕ್ಕನ ಕೈಗೆ ಕೊಟ್ಟು, ಬಗ್ಗಿ ನನ್ನ ರಾಟೆಯ ಕಾಲನ್ನು ತಡವಿಕೊಂಡು ಹಿಂಬಾಗಿಲಿಗೆ ಬಂದೆ. ಉಗ್ರಾಣದ ಒಳಗೆ ಕಗ್ಗತ್ತಲು. ಯಾವ ಕಡೆ ಹೋಗಬೇಕೆಂದು ನೋಡಿದವಳಲ್ಲ ನಾನು. ಆದರೆ ಅಷ್ಟು ಸಲ ಹೊತ್ತುಕೊಂಡು ಹೋಗಿದ್ದರಲ್ಲ, ಅಲ್ಲಿ ಗೋಣಿಯ ಮೇಲೆ ಮೈ ಒಂದು ಪಕ್ಕಕ್ಕೆ ವಾಲುತ್ತಿದ್ದದ್ದು ನೆನಪಿತ್ತು. ಮೈ ಬಲಕ್ಕೆ ವಾಲಬೇಕಾದರೆ ಹೊತ್ತವರು ಎಡಕ್ಕೆ ತಿರುಗಿರಬೇಕು ಎಂದು ಯೋಚಿಸಿ ಎಡಕ್ಕೆ ತಿರುಗಿದೆ.

ಅಕ್ಕ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದರು.

"ಈ ಕಡೆ ಅಲ್ಲ ಕಣೇ. ನಾವು ಬರೋ ಬಾಗ್ಲು ಆ ಕಡೆ."

ಮುಂಬಾಗಿಲ ಕಡೆಗೇ ಬೆಂಕಿ ಅಕ್ಕಾ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಅಷ್ಟು ವರ್ಷ ದಿನಾ ಬಂದ ಬಾಗಿಲು ಅದು, ಅವರು ಕಣ್ಣು ಬಿಟ್ಟುಕೊಂಡು ದಾಟಿದ ಬಾಗಿಲು ಅದೊಂದೇ. ನಾನು ಈ ಕಡೆ ಎಳೆದೆ, ಅವರು ಆ ಕಡೆ ಎಳೆದರು. ಸೆರಗು ಸಡಿಲವಾಯಿತು. ಕೈ ಚಾಚಿದೆ, ಕೈಗೆ ಖಾಲಿ ಕಂಡಿಕೆಗಳ ಬುಟ್ಟಿ ಸಿಕ್ಕಿತು. ಕೂಗಿದೆ, ಬಾಯಿ ತುಂಬ ಹೊಗೆ. ಆಮೇಲೆ ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಎಡಗಡೆಯಿಂದ ಬಾಯ್ಲರಿನ ಕಾವು ಮೈಗೆ ತಾಗಿದಾಗ ದಾರಿ ಸರಿಯಾಗಿದೆ ಎಂದು ತಿಳಿಯಿತು. ಚಟ್ಟ ಎತ್ತಿಹಾಕುತ್ತಿದ್ದ ಕಡೆ ಚರಂಡಿ ಇತ್ತು, ದಾಟಿದೆ. ಬಿಸಿಲು ಕಣ್ಣಿಗೆ ಹೊಡೆಯಿತು.

ಹುಣಸೆಮರದ ಕೆಳಗೆ ಸಾಲು ನಿಂತಿತ್ತು. ನಿಜವಾದ ಬೆಂಕಿ ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಕೆಲವರು ಅಳುತ್ತಿದ್ದರು, ಕೆಲವರು ತಾಳಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹತ್ತಿ ಕೋಣೆಯ ಗಂಡಸರು ಮುಂಭಾಗದಲ್ಲಿ ಬೇಲುಗಳನ್ನು ಎಳೆದು ಹಾಕುತ್ತಾ ನೀರು ಎರಚುತ್ತಿದ್ದರು. ಸುಬೇದಾರರು ಗಡಿಯಾರ ಹಿಡಿದು ಮೇಸ್ತ್ರಿಯಮ್ಮನನ್ನು ಕೇಳುತ್ತಿದ್ದರು, ಆಕೆ ಪೂರಾ ಬಂದವ್ರೆ ಸಾರ್, ಲೆಕ್ಕ ಸರಿಯಾಗೇ ಅದೆ ಎನ್ನುತ್ತಿದ್ದಳು. ನಾನು ಹೊಗೆಯೊಳಗಿಂದ ನಡೆದು ಬಂದದ್ದನ್ನು ಕಂಡು ಮುಂದಿದ್ದವರು ಹಿಂದಕ್ಕೆ ಸರಿದರು. ಹೆಣ ಎದ್ದು ಬಂತು ಎಂದು ಯಾರೋ ಅಂದರು.

ಅಕ್ಕ ಒಳಗವ್ರೆ ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಹೇಳಿದೆ.

"ಲೆಕ್ಕ ಸರಿಯಾಗೇ ಅದೆ ಕಣಮ್ಮ" ಎಂದಳು ಮೇಸ್ತ್ರಿಯಮ್ಮ.

ಸುಬೇದಾರರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಹೊದ್ದುಕೊಂಡು ಒಳಗೆ ಓಡಿದರು, ಇಬ್ಬರು ಗಂಡಸರು ಹಿಂದೆ ಹೋದರು. ಇದನ್ನೂ ಬರೆಯಬೇಕು, ಅವರು ಹೋದರು. ಆದರೆ ಮೊದಲು ಎಣಿಸಿ, ಆಮೇಲೆ ಹೋದರು.

ಅಕ್ಕ ಮುಂಬಾಗಿಲ ಹತ್ತಿರ ಸಿಕ್ಕರಂತೆ. ಅದೇ ಚಟ್ಟದಲ್ಲಿ, ಕಾಲು ಮುಂದಾಗಿ, ಮುಖಕ್ಕೆ ಅದೇ ಬಟ್ಟೆ ಹಾಕಿಕೊಂಡು ಹೊತ್ತು ತಂದರು. ಸಾಲಿನ ಕೊನೆಯಲ್ಲಿದ್ದ ಒಬ್ಬ ಚಿಕ್ಕ ಹುಡುಗಿ, ಹೊಸದಾಗಿ ಸೇರಿದವಳು, ಚಟ್ಟ ಕಂಡ ಕೂಡಲೇ ಅಭ್ಯಾಸದ ಮೇಲೆ ಕಿಸಕ್ಕನೆ ನಕ್ಕಳು. ಪಕ್ಕದವಳು ಅವಳ ಬಾಯಿ ಮುಚ್ಚಿದಳು. ಮರದ ಕೆಳಗೆ ಇಳಿಸಿದಾಗ ಯಾರೂ ಹತ್ತಿರ ಬರಲಿಲ್ಲ. ನಾನು ಹೋಗಿ ಕುಳಿತುಕೊಂಡೆ. ಕಾಲಿನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಎಷ್ಟು ಹೊತ್ತು ಕುಳಿತಿದ್ದೆನೋ. ಒಂದು ಸಲ, ಅಕ್ಕಾ, ಸಾಕು ಏಳಿ ಎಂದೆ. ಅದು ನನಗೆ ನೆನಪಿಲ್ಲ, ಪಕ್ಕದ ರಾಟೆಯವಳು ಆಮೇಲೆ ಹೇಳಿದಳು.

ಆ ಸಂಜೆ ವಠಾರದಲ್ಲಿ ಬಾವಿಕಟ್ಟೆಯ ಸ್ನಾನ ಯಾರೂ ಹೇಳದೆಯೇ ಮಾಡಿದೆ. ಅಕ್ಕನಿಗೆ ಕೊಳ್ಳಿಯಿಡಲು ದೂರದ ನೆಂಟ ಒಬ್ಬ ಬಂದ. ಅವನಿಗೆ ಅವರ ಕೋಣೆಯಲ್ಲಿದ್ದ ತಾಮ್ರದ ಹಂಡೆಯ ಮೇಲೇ ಕಣ್ಣಿತ್ತು, ಹೊರಡುವಾಗ ಹೊತ್ತುಕೊಂಡು ಹೋದ.

ಮುಂಬಾಗಿಲು, ಹತ್ತಿ ಕೋಣೆ ಸುಟ್ಟಿದ್ದವು. ಅವನ್ನು ರಿಪೇರಿ ಮಾಡಿಸಿ ಮಿಲ್ಲು ಮತ್ತೆ ತೆರೆದರು. ಮೊದಲನೆಯ ದಿನ ನಮ್ಮನ್ನೆಲ್ಲ ಹುಣಸೆಮರದ ಕೆಳಗೆ ನಿಲ್ಲಿಸಿ ಮ್ಯಾನೇಜರು ವಿಚಾರಣೆಯ ವರದಿಯನ್ನು ಕನ್ನಡದಲ್ಲಿ ಓದಿಸಿದರು. ಕವಾಯತಿನ ಯೋಜನೆಯಂತೆ ಸಾಲಿನಲ್ಲಿದ್ದವರೆಲ್ಲರೂ ಕ್ಷೇಮವಾಗಿ ಹೊರಗೆ ಬಂದಿದ್ದಾರೆ, ಯೋಜನೆ ಯಶಸ್ವಿಯಾಗಿದೆ, ಒಬ್ಬ ಕೆಲಸಗಾರ್ತಿ ತನಗೆ ಗೊತ್ತುಪಡಿಸಿದ ಜಾಗವನ್ನು ಬಿಟ್ಟು ಹೋದದ್ದರಿಂದ ಸಾವು ಸಂಭವಿಸಿದೆ ಎಂದಿತ್ತು. ಓದುವಾಗ ಸುಬೇದಾರರು ನೆಲ ನೋಡುತ್ತಿದ್ದರು. ಬರೆದವರು ಅವರೋ ಬೇರೆಯವರೋ ನನಗೆ ಗೊತ್ತಿಲ್ಲ. ಓದಿದ್ದು ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೆಲವರು ತಟ್ಟಿದರು.

ಮಳೆಗಾಲ ಹಿಡಿಯುವ ಮೊದಲು ಮತ್ತೆ ಕವಾಯತು ಎಂದು ಹೇಳಿಕಳಿಸಿದರು. ಹಿಂದಿನ ದಿನವೇ ಮೇಸ್ತ್ರಿಯಮ್ಮ ನನ್ನ ರಾಟೆಯ ಹತ್ತಿರ ಬಂದು, ಈ ಸಲ ನೀನೊಬ್ಬಳೇ, ಕೆಮ್ಮಬೇಡ ಎಂದು ಹೇಳಿಹೋದಳು. ಆ ರಾತ್ರಿ ನಿಮ್ಮಪ್ಪನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೆಳಗಿನ ತನಕ ಎಚ್ಚರವಾಗಿದ್ದೆ. ಕೆಲಸ ಹೋದರೆ ಊರಿಗೆ ಹೋಗಬೇಕು. ಊರಿಗೆ ಹೋದರೆ ಏನಾಗುತ್ತದೆ ಗೊತ್ತಿತ್ತು. ಆದರೂ.

ಗಂಟೆ ಬಾರಿಸಿತು. ಮೇಸ್ತ್ರಿಯಮ್ಮ ಬೀಗ ತೆಗೆದು ನನ್ನ ಕಡೆ ನೋಡಿದಳು. ನಾನು ಎದ್ದು ಬಾಗಿಲ ಎದುರಿಗೆ ನಿಂತೆ.

"ನಾನು ಮಲಗಲ್ಲ."

ಅಷ್ಟೇ ಹೇಳಿದ್ದು. ಹಾಗಾದರೆ ಯಾರು ಮಲಗಬೇಕು, ನಾನಾ ಎಂದು ಮೇಸ್ತ್ರಿಯಮ್ಮ ಕಿರುಚಿದಳು. ನನ್ನ ರಟ್ಟೆ ಹಿಡಿಯಲು ಕೈ ಎತ್ತಿದವಳು, ಮುಟ್ಟಲು ಮನಸ್ಸು ಬಾರದೆ ಕೈ ಇಳಿಸಿದಳು. ಹೊರಗಿನಿಂದ ಸುಬೇದಾರರು ಒಳಗೆ ಬಂದರು. ನನ್ನನ್ನು ನೋಡಿದರು, ಹಿಂದೆ ನಿಂತೇ ಇದ್ದ ಸಾಲನ್ನು ನೋಡಿದರು. ಕಸದ ಹತ್ತಿ ತುಂಬಿದ ಒಂದು ಮೂಟೆ ತಂದು ನೆಲಕ್ಕೆ ಹಾಕಿ, ಇದನ್ನು ಹೊತ್ತರಾಯಿತು ಎಂದು ಗಂಡಸರಿಗೆ ಹೇಳಿದರು. ನನಗೆ, ನಡಿಯಮ್ಮ ಎಂದರು.

ನಾನು ಹೊಸಿಲು ದಾಟುವ ಮುಂಚೆಯೇ ಮೇಸ್ತ್ರಿಯಮ್ಮ ಒಬ್ಬ ದಪ್ಪನೆಯ ಮುತ್ತೈದೆಯನ್ನು ಹಿಂದಿನಿಂದ ತಳ್ಳಿದಳು. ಅವಳು ನನ್ನನ್ನು ಗೋಡೆಗೆ ಒತ್ತಿ ನುಗ್ಗಿಕೊಂಡು ಮುಂದೆ ಹೋದಳು. ಮುತ್ತೈದೆ ಮುಂದೆ ಹೊರಟ ಮೇಲೆ ದೋಷವಿಲ್ಲವೆಂದು ಸಾಲು ಅಲುಗಿತು. ನಾನು ಎರಡನೆಯವಳಾಗಿ ನಡೆದೆ. ಉಗ್ರಾಣದಲ್ಲಿ ಎತ್ತರಕ್ಕೆ ಒಂದು ಕಿಟಕಿ ಇತ್ತು, ಅದರ ಗಾಜು ಒಡೆದು ರಟ್ಟು ಅಂಟಿಸಿದ್ದರು. ಬಾಯ್ಲರಿನ ಓಣಿಯ ಗೋಡೆಗೆ ಯಾರೋ ಬೆರಣಿ ತಟ್ಟಿದ್ದರು. ಚರಂಡಿಯ ಮೇಲೆ ಒಂದು ಚಪ್ಪಡಿ, ಅದರ ಒಂದು ಮೂಲೆ ಮುರಿದಿತ್ತು. ಎಲ್ಲವನ್ನೂ ನೋಡಿಕೊಂಡು ಹೋದೆ.

ಮರದ ಕೆಳಗೆ ಮೇಸ್ತ್ರಿಯಮ್ಮ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದಳು. ನನ್ನ ಹತ್ತಿರ ಬಂದಾಗ ಮುಟ್ಟದೆ ಬೆರಳು ತೋರಿಸಿ ಮುಂದೆ ಹೋದಳು. ಕೊನೆಗೆ ನಿಂತು, ಬಾಯಲ್ಲೇ ಏನೋ ಗುಣುಗಿಕೊಂಡು, ಮತ್ತೆ ಮೊದಲಿನಿಂದ ಎಣಿಸಿದಳು.

"ಒಬ್ಬಳು ಜಾಸ್ತಿ ಬತ್ತಾವ್ಳೆ ಸಾರ್."

ಸುಬೇದಾರರು ಜೇಬಿನಿಂದ ಪೆನ್ನು ತೆಗೆದು ಕಾಗದದಲ್ಲಿ ಬರೆದಿದ್ದ ಅಂಕಿಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಬೇರೆ ಅಂಕಿ ಬರೆದರು. ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಅಕ್ಕಪಕ್ಕದಲ್ಲಿ ಒಂದೊಂದು ಆಳಿನಷ್ಟು ಜಾಗ ಬಿಟ್ಟು ಎಲ್ಲರೂ ನಿಂತಿದ್ದರು. ಸೀಟಿ ಊದಿದ ಮೇಲೆ ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಲಡಿಯನ್ನು ಸುತ್ತಿ ಮುಗಿಸಿದೆ.